ಸಗಣಿಯ ಪಾಂಡವರು ಎಲ್ಲಿಗೆ ಹೋದರು?

ಕಳೆದ ದೀಪಾವಳಿಗೆ ಕಮಲಾಪುರಕ್ಕೆ ಹೊರಟಾಗ ನನ್ನ ಬ್ಯಾಗಿನಲ್ಲಿ ಆಯಿಗೆಂದು ಕೊಂಡ ಒಂದು ಇಳಕಲ್ ಸೀರೆ ಇತ್ತು, ಜೊತೆಗೆ ಪಿಎಚ್.ಡಿ.ಯ ಮೂರನೇ ಅಧ್ಯಾಯದ ಟಿಪ್ಪಣಿಗಳಿದ್ದವು. ಅಧ್ಯಾಯದ ವಿಷಯ ಶೀಲಾ ಗೌಡ ಅವರ ಕಲಾಕೃತಿಗಳು. ಹಬ್ಬದ ಗದ್ದಲದಲ್ಲೂ ದಿನಕ್ಕೆ ನಾಲ್ಕು ಪುಟ ಬರೆಯುತ್ತೇನೆಂದು ಮಾರ್ಗದರ್ಶಕರಿಗೆ ಮಾತು ಕೊಟ್ಟಿದ್ದೆ. ಪಾಡ್ಯದ ಬೆಳಿಗ್ಗೆ ಎದ್ದು ಹೊರಗೆ ಬಂದರೆ ಆಯಿ ಅಂಗಳದಲ್ಲಿ ಕೂತು ಸಗಣಿ ನಾದುತ್ತಿದ್ದಳು. ಆ ದಿನ ಸಗಣಿಯಲ್ಲಿ ಪಾಂಡವರನ್ನು ಮಾಡುವುದು ನಮ್ಮ ಮನೆಯ ಪದ್ಧತಿ. ಒಂದೊಂದು ಮುಷ್ಟಿ ಸಗಣಿಯನ್ನು ಗೋಪುರದಂತೆ ತಿದ್ದಿ, ಹೊಸ್ತಿಲ ಬಳಿ ಸಾಲಾಗಿ ಕೂರಿಸಿ, ತಲೆಗೆ ಚೆಂಡುಹೂವು, ಉತ್ತರಾಣಿ ಕಡ್ಡಿ ಸಿಕ್ಕಿಸುತ್ತಾರೆ. ಆ ಐದು ಗುಪ್ಪೆಗಳಿಗೆ ಕಣ್ಣಿಲ್ಲ, ಮೂಗಿಲ್ಲ. ಆದರೂ ಭೀಮ ಯಾರೆಂದು ಕೇಳಿದರೆ ಮನೆಯ ಚಿಕ್ಕ ಮಗುವೂ ತೋರಿಸುತ್ತದೆ. ಭೀಮನಿಗೆ ಆಯಿ ಒಂದು ಹಿಡಿ ಸಗಣಿ ಹೆಚ್ಚು ಹಾಕಿರುತ್ತಾಳೆ.

"ಆಯಿ, ಇದರಾಗ ಒಂದು ನನಗ ಕೊಡು. ಕಲಬುರಗಿಗಿ ಒಯ್ದು ರೂಮಿನ್ಯಾಗ ಇಟ್ಕೋತೀನಿ" ಅಂದೆ.

ಆಯಿ ತಲೆ ಎತ್ತದೆ ಕೇಳಿದಳು: "ಇಟ್ಕೊಂಡು ಏನ್ ಮಾಡ್ತಿ? ಮುಂದಿನ ವರ್ಷ ಮತ್ತ ಮಾಡ್ತೀವಲಾ."

ಆ ದಿನ ನಾನು ಒಂದು ಪುಟವನ್ನೂ ಬರೆಯಲಿಲ್ಲ. ಆಯಿಯ ಪ್ರಶ್ನೆ ನನ್ನ ಅಧ್ಯಾಯದ ಮೊದಲ ಸಾಲಿಗೇ ತಗುಲಿತ್ತು. ಸಗಣಿ, ಕೂದಲು, ಹೂವು, ಎಲೆ, ಬೂದಿ, ಪರಾಗ ಇಂಥ ಜೈವಿಕ ವಸ್ತುಗಳಿಂದ ಮಾಡಿದ ಸಮಕಾಲೀನ ಕಲೆಯನ್ನು ಕುರಿತು ಬರೆಯುವಾಗ ನಾವು ಒಂದು ಮಾತಿನಿಂದ ಶುರು ಮಾಡುತ್ತೇವೆ: ಇದು ಅನಿತ್ಯದ ಕಲೆ, ಕೊಳೆಯುವ, ಬಾಡುವ, ಇಲ್ಲವಾಗುವ ಕಲೆ, ಆದ್ದರಿಂದ ಇದು ಕಾಲವನ್ನು ಕುರಿತದ್ದು. ನಾನೂ ಹಾಗೇ ಶುರು ಮಾಡಿದ್ದೆ. ನಮ್ಮ ಭಾಗದಲ್ಲಿ ಈ ಚರ್ಚೆ ಬಂದಾಗ ಸ್ಥಾವರ-ಜಂಗಮದ ಮಾತೂ ತಟ್ಟನೆ ನಾಲಿಗೆಗೆ ಬರುತ್ತದೆ, ಬಂದಷ್ಟೇ ಬೇಗ ಚರ್ಚೆಯನ್ನು ಮುಗಿಸಿಯೂ ಬಿಡುತ್ತದೆ. ಆದರೆ ಆಯಿಯ ಮಾತಿನಲ್ಲಿ ಅನಿತ್ಯದ ವಿಷಾದ ಎಳ್ಳಷ್ಟೂ ಇರಲಿಲ್ಲ. ಮತ್ತೆ ಮಾಡುತ್ತೇವೆ ಎಂಬ ಭರವಸೆ ಇತ್ತು, ಇಟ್ಟುಕೊಳ್ಳುವವರ ಬಗ್ಗೆ ಸಣ್ಣ ಅನುಮಾನವೂ ಇತ್ತು. ಹಾಗಾದರೆ ಈ ವಸ್ತುಗಳಲ್ಲಿರುವ ಕಾಲ ಯಾವ ಬಗೆಯದು?

ಇಟ್ಟುಕೊಳ್ಳುವ ಆಸೆ ನನಗೆ ಎಲ್ಲಿಂದ ಬಂತು ಎಂದು ಮೊದಲು ಹೇಳಬೇಕು. ನಾನು ಓದುತ್ತಿರುವ ಊರಿನ ಹೆಸರಿನಲ್ಲೇ ಕಲ್ಲಿದೆ ಎನ್ನುತ್ತಾರೆ. ಕಲಬುರಗಿಯಲ್ಲಿ ಕಲೆ ಎಂದರೆ ನಿಂತದ್ದು. ಕೋಟೆಯೊಳಗೆ 1367ರ ಜಾಮಿಯಾ ಮಸೀದಿ ನಿಂತಿದೆ. ಭೀಮಾ ತೀರದ ಕನಗನಹಳ್ಳಿಯಲ್ಲಿ ಸುಣ್ಣದಕಲ್ಲಿನ ಮೇಲೆ ಅಶೋಕ ತನ್ನ ಹೆಸರಿನ ಸಮೇತ ಎರಡು ಸಾವಿರ ವರ್ಷದಿಂದ ನಿಂತಿದ್ದಾನೆ. ಉಳಿದದ್ದು ಇತಿಹಾಸವಾಯಿತು. ಅದೇ ಭೀಮಾ ತೀರದಲ್ಲಿ ಅಷ್ಟೂ ಕಾಲ ಮಣ್ಣು, ಸಗಣಿ, ಹಿಟ್ಟು, ಹೂವುಗಳಲ್ಲಿ ರೂಪ ಕೊಟ್ಟ ಕೈಗಳಿಗೆ ಅಂಥ ಇತಿಹಾಸವಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು, ಆಷಾಢದ ಗುಳ್ಳವ್ವ, ಭಾದ್ರಪದದ ಜೋಕುಮಾರ ಇವನ್ನೆಲ್ಲ ನಾವು ಜಾನಪದ ವಿಭಾಗಕ್ಕೆ ಕಳಿಸಿಕೊಟ್ಟಿದ್ದೇವೆ. ಅಲ್ಲಿ ಅವು 'ಆಚರಣೆ'ಗಳು. ಅವುಗಳ ಹಾಡನ್ನು ಸಂಗ್ರಹಿಸಿದಷ್ಟು ಶ್ರದ್ಧೆಯಿಂದ ಆ ಮಣ್ಣಿನ ಆಕಾರಗಳನ್ನು ನಾವು ನೋಡಿಲ್ಲ.

ಕಲಬುರಗಿಯಲ್ಲೇ ಹುಟ್ಟಿದ ಎಸ್.ಎಂ. ಪಂಡಿತರನ್ನು (1916–1993) ನೆನೆಯದೆ ಈ ಊರಿನ ಕಲೆಯ ಬಗ್ಗೆ ಮಾತಾಡಲಾಗದು. ಮುಂಬೈಯಲ್ಲಿ ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳಿಗೆ ಅವರು ಬರೆದ ದೇವ-ದೇವಿಯರ ಮೈಗೆ ಮುಪ್ಪಿಲ್ಲ, ಬೆವರಿಲ್ಲ. ತೈಲವರ್ಣದಲ್ಲಿ ಕಾಲವನ್ನು ತಡೆದು ನಿಲ್ಲಿಸುವ ಆಸೆ ಅದು. ಆದರೆ ಆ ಚಿತ್ರ ಮನೆಮನೆಗೆ ಹೋದದ್ದು ಕ್ಯಾಲೆಂಡರಾಗಿ. ಚಿತ್ರದ ಕೆಳಗೆ ಕಾಲವೇ ಅಚ್ಚಾಗಿತ್ತು, ಡಿಸೆಂಬರ್ ಮುಗಿದರೆ ಅದರ ಆಯುಷ್ಯವೂ ಮುಗಿಯಬೇಕಿತ್ತು. ನಮ್ಮ ತಾಯಂದಿರು ಏನು ಮಾಡಿದರೆಂದರೆ, ತಾರೀಖುಗಳ ಭಾಗವನ್ನು ಕತ್ತರಿಸಿ ದೇವರನ್ನು ಚೌಕಟ್ಟಿಗೆ ಹಾಕಿಸಿದರು. ಸಗಣಿಯ ಪಾಂಡವರನ್ನು ಇಟ್ಟುಕೊಳ್ಳಲು ಒಪ್ಪದ ಆಯಿಯ ಮನೆಯ ಗೋಡೆಯ ಮೇಲೂ ಅಂಥ ಹಳೆಯ ಕ್ಯಾಲೆಂಡರಿನ ಒಬ್ಬ ಶಿವ ಇದ್ದಾನೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಟ್ಟುಕೊಡಬೇಕು ಎಂಬ ವಿವೇಕ ಆ ಮನೆಯಲ್ಲಿ ಇತ್ತು. ಎಲ್ಲವನ್ನೂ ಇಟ್ಟುಕೊಳ್ಳಬೇಕೆಂಬ ಹಟ ನನ್ನದು, ನಾನು ಓದಿದ ಓದಿನದು.

ಈಗ ಶೀಲಾ ಗೌಡರ ಬಳಿಗೆ ಬರುತ್ತೇನೆ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಅವರು ಆರ್.ಎಂ. ಹಡಪದರು ಕಟ್ಟಿದ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ, ಮುಂದೆ ಶಾಂತಿನಿಕೇತನದಲ್ಲಿ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿದವರು. ಕಲಿತದ್ದು ಚಿತ್ರಕಲೆ. 1990ರ ದಶಕದ ಮೊದಲ ವರ್ಷಗಳಲ್ಲಿ, ದೇಶ ಕೋಮು ಹಿಂಸೆಯಲ್ಲಿ ಬೇಯುತ್ತಿದ್ದಾಗ, ಅವರು ಬಣ್ಣವನ್ನು ಪಕ್ಕಕ್ಕಿಟ್ಟು ಸಗಣಿಯನ್ನು ಕೈಗೆತ್ತಿಕೊಂಡರು. ಆ ಆಯ್ಕೆಯ ತೂಕವನ್ನು ಯೋಚಿಸಬೇಕು. ಗೋವಿನ ಹೆಸರಿನಲ್ಲಿ ರಾಜಕಾರಣ ನಡೆಯುವ ನಾಡಿನಲ್ಲಿ ಸಗಣಿ ಪವಿತ್ರ. ಅದೇ ಸಗಣಿ ಬಾಚುವ ಕೆಲಸ ಕೀಳು. ಅದು ಇಂಧನ, ಅದು ನೆಲ ಸಾರಿಸುವ ಸಾಧನ, ಅದು ಮಕ್ಕಳ ಆಟಿಕೆ. ಹೆಚ್ಚಾಗಿ ಹೆಂಗಸರ ಕೈಯಲ್ಲಿರುವ ವಸ್ತು. 1996ರ 'ಮಾರ್ಟರ್ ಲೈನ್' ಕೃತಿಯಲ್ಲಿ ಸಗಣಿಯ ಇಟ್ಟಿಗೆಗಳು ನೆಲದ ಮೇಲೆ ಸಾಲಾಗಿ ಸಾಗುತ್ತವೆ, ಅವುಗಳ ನಡುವಿನ ಸಂದಿಯಲ್ಲಿ ಕೆಂಪು ಹರಿಯುತ್ತದೆ. ಗೋಡೆ ಕಟ್ಟುವ ಗಾರೆಯ ಜಾಗದಲ್ಲಿ ಗಾಯದಂಥ ಒಂದು ಗೆರೆ.

ಇನ್ನೊಂದು ಕೃತಿಯಲ್ಲಿ, 'ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್' (1998), ಸೂಜಿಗಳ ಕಣ್ಣಿನಿಂದ ಉದ್ದುದ್ದದ ದಾರಗಳನ್ನು ಎಳೆದು, ಅಂಟು ಮತ್ತು ಕುಂಕುಮ ಬಳಿದು ಹಗ್ಗದಂತೆ ಹೊಸೆದಿದ್ದಾರೆ. ಹಗ್ಗದ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ತೂಗುತ್ತವೆ. ನೋಡುವವರಿಗೆ ಮೊದಲು ಕರುಳು ನೆನಪಾಗುತ್ತದೆ, ಹೊಕ್ಕುಳಬಳ್ಳಿ ನೆನಪಾಗುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ ಲೆಕ್ಕ: ಅಷ್ಟು ಉದ್ದದ ದಾರವನ್ನು ಪ್ರತಿಯೊಂದು ಸೂಜಿಯ ಕಣ್ಣಿನಿಂದ ಎಳೆಯಲು ಎಷ್ಟು ಹೊತ್ತು ಬೇಕು? 2009ರ ವೆನಿಸ್ ಬಿಯೆನಾಲೆಯಲ್ಲಿ ಪ್ರದರ್ಶನಗೊಂಡು ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ 'ಬಿಹೋಲ್ಡ್' ಕೃತಿಯಲ್ಲಿ ಸುಮಾರು 4,000 ಮೀಟರ್ ಕೂದಲಿನ ಹಗ್ಗ ಕಾರಿನ ಉಕ್ಕಿನ ಬಂಪರುಗಳನ್ನು ಹೊತ್ತು ನಿಂತಿದೆ. ದೃಷ್ಟಿ ತಾಗದಿರಲೆಂದು ಡ್ರೈವರುಗಳು ಗಾಡಿಗೆ ಕಟ್ಟುವ ಹಗ್ಗ ಅದು. ಅದರ ಕೂದಲು ಹರಕೆ ಮುಡಿ ಕೊಟ್ಟವರ ತಲೆಯದು. 2007ರ 'ಕೊಲ್ಯಾಟರಲ್'ನಲ್ಲಿ ಊದುಬತ್ತಿಯ ಹಿಟ್ಟನ್ನು ಲಟ್ಟಿಸಿ, ಆಕಾರ ಕೊಟ್ಟು, ಉರಿಸಿ, ಬೂದಿಯನ್ನು ಹಾಗೆಯೇ ಬಿಟ್ಟಿದ್ದಾರೆ.

ಇವೆಲ್ಲ ಅನಿತ್ಯದ ಕೃತಿಗಳೇ? ಒಣಗಿದ ಸಗಣಿ ಸುಲಭಕ್ಕೆ ಹಾಳಾಗದು. ಕೂದಲು ನಾವು ಸತ್ತ ಮೇಲೂ ಉಳಿಯುವ ವಸ್ತು. ಬೂದಿ ಈಗಾಗಲೇ ಸುಟ್ಟಿದೆ, ಇನ್ನು ಸುಡುವುದಕ್ಕೆ ಏನೂ ಇಲ್ಲ. ಶೀಲಾ ಗೌಡ ಆರಿಸಿಕೊಳ್ಳುವ ವಸ್ತುಗಳು ಕೊಳೆಯುವ ಹಂತವನ್ನು ದಾಟಿ ಬಂದಂಥವು. 2019ರಲ್ಲಿ ಮಿಲಾನಿನ ಪಿರೆಲ್ಲಿ ಹ್ಯಾಂಗರ್‌ಬಿಕೊಕಾದಲ್ಲಿ ನಡೆದ ಅವರ ದೊಡ್ಡ ಪ್ರದರ್ಶನದ ಹೆಸರು 'ರಿಮೇನ್ಸ್', ಅಂದರೆ ಉಳಿದದ್ದು. ಹಾಗಾಗಿ ಅವರ ಕೃತಿಗಳ ಕಾಲ ದುಡಿಮೆಯ ಕಾಲ ಎಂದು ನನಗನ್ನಿಸುತ್ತದೆ: ನಾದಿದ ಕಾಲ, ಹೊಸೆದ ಕಾಲ, ದಾರ ಎಳೆದ ಕಾಲ, ಊದುಬತ್ತಿ ತೀಡಿದ ಕಾಲ. ಆ ಹೊತ್ತು ವಸ್ತುವಿನೊಳಗೆ ಕೂತುಬಿಟ್ಟಿದೆ. ಅವರ ಕೃತಿಯ ಮುಂದೆ ನಿಂತವರು ಇದು ಯಾವಾಗ ನಾಶವಾಗುತ್ತದೆ ಎಂದು ಕೇಳುವುದಿಲ್ಲ, ಇದನ್ನು ಮಾಡಿದ ಬೆರಳುಗಳು ಯಾರವು ಎಂದು ಕೇಳುತ್ತಾರೆ.

ಹೊರಗಿನ ಎರಡು ಉದಾಹರಣೆ ಇಟ್ಟುಕೊಂಡರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಬ್ರಿಟನ್ನಿನ ಅನ್ಯಾ ಗಲಾಚಿಯೋ 1991ರಲ್ಲಿ ಶುರು ಮಾಡಿದ ಒಂದು ಸರಣಿಯಲ್ಲಿ ತಾಜಾ ಜರ್ಬೇರಾ ಹೂಗಳನ್ನು ಗಾಜಿನ ಹಿಂದೆ ಒತ್ತಿ ಇಡುತ್ತಾರೆ. ಪ್ರದರ್ಶನದ ದಿನಗಳು ಕಳೆದಂತೆ ಹೂಗಳು ಬಾಡುತ್ತವೆ, ಕೊಳೆಯುತ್ತವೆ, ಬೂಷ್ಟು ಹಿಡಿಯುತ್ತವೆ. ಅಲ್ಲಿ ಕೊಳೆಯುವುದೇ ನೋಟ. ಜರ್ಮನಿಯ ವೋಲ್ಫ್‌ಗಾಂಗ್ ಲೈಬ್ ತಮ್ಮ ಊರಿನ ಸುತ್ತಲ ಹೊಲ-ಕಾಡುಗಳಲ್ಲಿ ವರ್ಷ ವರ್ಷವೂ ಕೈಯಾರೆ ಪರಾಗ ಸಂಗ್ರಹಿಸುತ್ತಾರೆ. 2013ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಸುಮಾರು 18 ಅಡಿಗೆ 21 ಅಡಿಯ ಹಳದಿ ಚೌಕವೊಂದನ್ನು ಪರಾಗದಲ್ಲಿ ಹಾಸಿದ್ದರು. ಪ್ರದರ್ಶನ ಮುಗಿದ ಮೇಲೆ ಪರಾಗ ಮತ್ತೆ ಜಾಡಿ ಸೇರುತ್ತದೆ, ಮುಂದೆ ಇನ್ನೆಲ್ಲೋ ಹಾಸಿಕೊಳ್ಳುತ್ತದೆ. ಮೊದಲನೆಯದು ಕಾಲವನ್ನು ತೋರಿಸುತ್ತದೆ, ಎರಡನೆಯದು ಕಾಲವನ್ನು ಕೂಡಿಡುತ್ತದೆ. ನನಗೆ ಎರಡನೆಯದು ಹೆಚ್ಚು ಹತ್ತಿರ. ಬಿತ್ತನೆಯ ಬೀಜವನ್ನು ಬೂದಿಯಲ್ಲಿ ಕಲಸಿ ಗಡಿಗೆಯಲ್ಲಿ ಇಡುವ ಮನೆಯಿಂದ ಬಂದವಳಾದ್ದರಿಂದ ಇರಬಹುದು.

ಬಾಡುವುದನ್ನೇ ನೋಟವಾಗಿಸುವ ಕಲೆಯ ಬಗ್ಗೆ ನನಗೆ ಅಳುಕು ಹುಟ್ಟಿದ್ದು ಕಲಬುರಗಿಯಲ್ಲೇ. ಕೆಲ ವರ್ಷದ ಹಿಂದೆ ನಗರದಲ್ಲಿ ವಿದ್ಯಾರ್ಥಿಗಳ ಒಂದು ಪ್ರದರ್ಶನ ನಡೆದಿತ್ತು. ಆಸ್ಪತ್ರೆಗೆಂದು ಊರಿನಿಂದ ಬಂದಿದ್ದ ಕಾಕಾ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ನನ್ನ ಜೊತೆ ಬಂದಿದ್ದರು. ಒಂದು ಕೋಣೆಯ ತುಂಬ ಒಣಗಿದ ತೊಗರಿ ಗಿಡಗಳನ್ನು ತಲೆಕೆಳಗಾಗಿ ತೂಗುಹಾಕಿದ್ದರು. ಬೇರುಗಳು ಮೇಲೆ, ಕೆಳಗೆ ಬಿಳಿ ಬಟ್ಟೆಯ ಮೇಲೆ ಉದುರಿದ ಎಲೆ. ಪಕ್ಕದ ಫಲಕದಲ್ಲಿ ನೆಟೆ ರೋಗ, ರೈತ, ಸಾವು ಎಂಬ ಮಾತುಗಳಿದ್ದವು. 2022ರ ಹಂಗಾಮಿನಲ್ಲಿ ಜಿಲ್ಲೆಯ ತೊಗರಿ ನೆಟೆ ರೋಗಕ್ಕೆ ಸಿಕ್ಕಿ ನಿಂತಲ್ಲೇ ಒಣಗಿದ್ದು ಎಲ್ಲರ ನೆನಪಿನಲ್ಲಿ ಹಸಿಯಾಗಿತ್ತು. ನನಗೆ ಗಂಟಲು ಕಟ್ಟಿತು. ಆಗಲೇ ಮನಸ್ಸಿನಲ್ಲಿ ವಿಮರ್ಶೆಯ ಸಾಲುಗಳು ಹುಟ್ಟಲು ಶುರುವಾಗಿದ್ದವು. ಕಾಕಾ ಮಾತ್ರ ಒಂದು ಕಾಂಡವನ್ನು ಬೆರಳಲ್ಲಿ ಹಿಡಿದು, ತೊಗಟೆಯನ್ನು ಉಗುರಿನಿಂದ ಕೆರೆದು, ಸಿಗಿದು ನೋಡಿದರು.

"ಇದಕ್ಕ ನೆಟಿ ಹತ್ತಿಲ್ಲ. ನೆಟಿ ಹತ್ತಿದ್ರ ಒಳಗ ಕರ್ರಗ ಗೆರಿ ಇರ್ತದ. ಇದು ಚೊಲೊ ಗಿಡ, ರಾಶಿ ಆದಮ್ಯಾಗ ತಂದಾರ."

ಕೃತಿಯನ್ನು ಮುಟ್ಟಬಾರದೆಂದು ಯಾರೋ ಬಂದು ಹೇಳಿದರು. ಕಾಕಾ ಕೈ ಒರೆಸಿಕೊಂಡು ಹೊರಗೆ ನಡೆದರು. ಅವರಿಗೆ ಸಿಟ್ಟೇನೂ ಬಂದಿರಲಿಲ್ಲ. ಆ ವರ್ಷ ಅವರು ಅಂಥ ಕಾಂಡಗಳನ್ನು ಎಷ್ಟು ಸಿಗಿದು ನೋಡಿದ್ದರೋ, ಆ ಕರಿ ಗೆರೆ ಕಾಣದಿರಲಿ ಎಂದು ಎಷ್ಟು ಸಲ ಬೇಡಿಕೊಂಡಿದ್ದರೋ. ನಮ್ಮ ಜಿಲ್ಲೆಯಲ್ಲಿ ಬಾಡುವುದು ಮೊದಲು ಸಾಲದ ಲೆಕ್ಕ, ರೂಪಕ ಆಮೇಲಿನದು. ಆ ಯುವ ಕಲಾವಿದರ ಕಾಳಜಿ ಸುಳ್ಳಲ್ಲ. ಆದರೆ ಅವರು ಗಿಡವನ್ನು ಸಂಕೇತವಾಗಿ ತಂದಿದ್ದರು, ಕಾಕಾ ಅದನ್ನು ಸಾಕ್ಷ್ಯವಾಗಿ ಓದಿದರು. ಜೈವಿಕ ವಸ್ತುವಿಗೆ ತನ್ನದೇ ಒಂದು ಅಕ್ಷರಮಾಲೆ ಇರುತ್ತದೆ. ಅದನ್ನು ಓದಬಲ್ಲವರು ಊರ ತುಂಬ ಇದ್ದಾರೆ. ಅವರ ಮುಂದೆ ಕೃತಿ ನಿಲ್ಲಬೇಕು. ಕೂದಲಿನ ಹಗ್ಗವನ್ನು ಲಾರಿ ಡ್ರೈವರ್ ಒಬ್ಬ ನೋಡಿದರೆ ಅದೇನೆಂದು ತಕ್ಷಣ ಹೇಳುತ್ತಾನೆ, ಹೇಳಿದ ಮೇಲೂ ಅಷ್ಟೊಂದು ಹಗ್ಗ ಯಾಕೆ ಎಂದು ನಿಂತು ನೋಡುತ್ತಾನೆ. 'ಬಿಹೋಲ್ಡ್'ನ ಬಲ ಅಲ್ಲಿದೆ. ವಸ್ತುವಿನ ಅಸಲಿ ಬಳಕೆ ಅದರಲ್ಲಿ ಅಳಿಸಿಹೋಗಿಲ್ಲ.

ಇಷ್ಟು ಬರೆದ ಮೇಲೆ, ಆಯಿಯ ಅಂಗಳವೇ ನಿಜವಾದ ಕಲೆ, ಗ್ಯಾಲರಿಯದ್ದು ಬರೀ ನಕಲು ಎಂದು ಮುಗಿಸಿಬಿಡುವುದು ಸುಲಭ. ಊರಿನಿಂದ ಬಂದ ನನ್ನಂಥ ಸಂಶೋಧಕರಿಗೆ ಅದು ಹಿತವೂ ಹೌದು. ಆದರೆ ಅಂಗಳದಲ್ಲಿ ನಾನು ಕಂಡದ್ದನ್ನು ಪೂರ್ತಿ ಹೇಳಿಲ್ಲ. ಆಯಿ ನಾದುತ್ತಿದ್ದ ಸಗಣಿಯನ್ನು ಬುಟ್ಟಿಯಲ್ಲಿ ತಂದಿಟ್ಟದ್ದು ನಮ್ಮ ಕೊಟ್ಟಿಗೆ ಬಳಿಯಲು ಬರುವ ಹೆಂಗಸು. ನನಗೆ ಬುದ್ಧಿ ಬಂದಾಗಿನಿಂದ ಅವರೇ ತರುತ್ತಾರೆ. ಪಾಂಡವರ ಪೂಜೆ ಆಗುವಾಗ ಅವರು ಅಂಗಳದ ಆಚೆ ನಿಂತಿರುತ್ತಾರೆ, ಹೋಳಿಗೆ ಕಟ್ಟಿಸಿಕೊಂಡು ಹೋಗುತ್ತಾರೆ. ಸಗಣಿ ಅವರ ಬುಟ್ಟಿಯಿಂದ ಆಯಿಯ ಕೈಗೆ ಬಂದ ಕ್ಷಣದಲ್ಲಿ ಪವಿತ್ರವಾಗುತ್ತದೆ. ಅದು ಹೇಗೆ ಎಂದು ನಾನು ಇಪ್ಪತ್ತೇಳು ವರ್ಷ ಕೇಳಿರಲಿಲ್ಲ. ಕೇಳುವಂತೆ ಮಾಡಿದ್ದು ಆಯಿಯ ಪಾಂಡವರಲ್ಲ, ಬಿಳಿ ಗೋಡೆಯ ಕೋಣೆಯ ನೆಲದ ಮೇಲಿದ್ದ ಶೀಲಾ ಗೌಡರ ಸಗಣಿ ಇಟ್ಟಿಗೆಗಳು. ಅವನ್ನು ನಾನು ನೋಡಿದ್ದು ಕ್ಯಾಟಲಾಗಿನ ಚಿತ್ರದಲ್ಲಿ. ವಾಸನೆಯಿಲ್ಲದ ಆ ಚಿತ್ರವೂ ನನ್ನ ಮನೆಯ ಅಂಗಳದಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ತೋರಿಸಿತು.

ಆಚರಣೆಯ ಕಾಲ ಸುತ್ತುವ ಕಾಲ. ಸುತ್ತುವುದರಲ್ಲಿ ಒಂದು ನೆಮ್ಮದಿ ಇದೆ, ಮತ್ತೆ ಮಾಡುತ್ತೇವೆ ಎಂಬ ಭರವಸೆ ಇದೆ. ಆದರೆ ಅದರ ಜೊತೆ ಅನ್ಯಾಯವೂ ಪ್ರತಿ ವರ್ಷ ಅದೇ ಜಾಗಕ್ಕೆ ಸುತ್ತಿ ಬರುತ್ತದೆ. ಗ್ಯಾಲರಿ ಆ ಸುತ್ತನ್ನು ಒಂದು ಕ್ಷಣ ನಿಲ್ಲಿಸುತ್ತದೆ, ವಸ್ತುವನ್ನು ಅದರ ಜಾಗದಿಂದ ಎತ್ತಿ ದೂರ ಇಡುತ್ತದೆ. ಆ ದೂರ ಇಲ್ಲದೆ ನೋಡಲಾಗದು. ಆದರೆ ದೂರದಲ್ಲೇ ಉಳಿದುಬಿಟ್ಟರೆ ವಸ್ತು ಸಾಯುತ್ತದೆ. ಹಾಗಾಗಿ ಇಂಥ ಕೃತಿಗಳನ್ನು ನೋಡುವಾಗ ಈಗೀಗ ನಾನು ಎರಡು ಸರಳ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಯಾರ ಬುಟ್ಟಿಯಿಂದ ಬಂತು? ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ? ಶೀಲಾ ಗೌಡರ ಕೃತಿಗಳು ಮೊದಲ ಪ್ರಶ್ನೆಗೆ ಗಟ್ಟಿಯಾಗಿ ಉತ್ತರಿಸುತ್ತವೆ. ಎರಡನೆಯದಕ್ಕೆ ಅವುಗಳ ಉತ್ತರ ಮ್ಯೂಸಿಯಮ್ಮಿನ ಉಗ್ರಾಣ. ಆಯಿಯ ಪಾಂಡವರು ಎರಡನೆಯದಕ್ಕೆ ಚೆನ್ನಾಗಿ ಉತ್ತರಿಸುತ್ತಾರೆ, ಮೊದಲನೆಯದು ಬಂದಾಗ ಸುಮ್ಮನಾಗುತ್ತಾರೆ. ಎರಡಕ್ಕೂ ಉತ್ತರವಿರುವ ಕೃತಿಯೊಂದನ್ನು ನೋಡುವ ಆಸೆ ನನಗಿದೆ.

ಹಬ್ಬ ಮುಗಿಸಿ ಹೊರಡುವ ದಿನ ಕಾಕಾನ ಜೊತೆ ತೋಟಕ್ಕೆ ಹೋಗಿದ್ದೆ. ಕಲಬುರಗಿಯಿಂದ ಬರುವಾಗ ಮಹಾಗಾಂವ ಕ್ರಾಸ್ ದಾಟಿದ ಮೇಲೆ ಎರಿ ಮಣ್ಣು ಹಿಂದೆ ಸರಿದು ಕೆಂಪು ಮಣ್ಣು ಶುರುವಾಗುತ್ತದೆ. ಆ ಮಣ್ಣಿನಲ್ಲಿ ಬೆಳೆಯುವುದು ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆ. ಬೇರೆ ಬಾಳೆ ವರ್ಷಕ್ಕೆ ಗೊನೆ ಕೊಟ್ಟರೆ ಇದು ಒಂದೂವರೆ ವರ್ಷ ಕಾಯಿಸುತ್ತದೆ. ಕಾಯುವ ಪುರುಸೊತ್ತು ಯಾರಿಗೂ ಇಲ್ಲ, ತೋಟಗಳು ಮೊದಲಿನಷ್ಟು ಉಳಿದಿಲ್ಲ ಎಂದು ಕಾಕಾ ಹೇಳುತ್ತಿದ್ದರು. ಗೊನೆ ಕಡಿದ ಗಿಡವನ್ನು ಬುಡಕ್ಕೆ ಕಡಿದು ಅಲ್ಲೇ ನೆಲಕ್ಕೆ ಹಾಕಿದ್ದರು. ಅದರ ಪಕ್ಕದಲ್ಲೇ ಮೊಣಕಾಲೆತ್ತರದ ಮರಿ ನಿಂತಿತ್ತು. ಬಿದ್ದ ಗಿಡ ಕೊಳೆತು ಅದೇ ಮರಿಗೆ ಗೊಬ್ಬರವಾಗುತ್ತದೆ. ಅಲ್ಲಿ ನಿಂತಾಗ ಕೊಳೆಯುವುದೆಂದರೆ ಏನು ಎಂದು ನನಗೆ ಬೇರೆ ವಿವರಣೆ ಬೇಕಾಗಲಿಲ್ಲ. ಆದರೆ ಅದಕ್ಕೆ ಕಾಕಾ ಒಂದೂವರೆ ವರ್ಷ ನೀರು ಕಟ್ಟಬೇಕು. ಪ್ರಕೃತಿಯ ಕಾಲವೆಂದು ನಾವು ಕರೆಯುವುದರಲ್ಲಿ ಯಾರದೋ ನಿದ್ದೆಗೆಟ್ಟ ರಾತ್ರಿಗಳು, ಕರೆಂಟು ಬಂದಾಗ ಎದ್ದು ಹೋಗಿ ಮೋಟರ್ ಹಚ್ಚಿದ ಹೊತ್ತು ಸೇರಿರುತ್ತದೆ.

ಆಯಿ ಕೊನೆಗೂ ಒಂದು ಪಾಂಡವನನ್ನು ಪೇಪರಿನಲ್ಲಿ ಸುತ್ತಿ ಕೊಟ್ಟಳು. ನಕುಲನೋ ಸಹದೇವನೋ, ಹೇಳಲಿಲ್ಲ. ಭೀಮನನ್ನು ಕೊಡಲು ಮನಸ್ಸಾಗಲಿಲ್ಲ. ಉಳಿದ ನಾಲ್ವರು ಮಾಳಿಗೆಯ ಮೇಲೆ ಒಣಗಿ, ಕುಳ್ಳಿನ ಜೊತೆ ಒಲೆ ಸೇರಿ, ಬೂದಿಯಾಗಿ ತಿಪ್ಪೆಗೆ ಹೋಗಿ, ಈಗ ಹೊಲದಲ್ಲಿದ್ದಾರೆ. ನನ್ನ ಪಾಲಿನವನು ಹಾಸ್ಟೆಲಿನ ಪುಸ್ತಕದ ಕಪಾಟಿನಲ್ಲಿ, ಕ್ಯಾಟಲಾಗುಗಳ ಪಕ್ಕ ಇದ್ದಾನೆ. ಚೆಂಡುಹೂವು ಉದುರಿದೆ. ಮೈ ಬಿರುಕು ಬಿಟ್ಟಿದೆ, ಸುತ್ತ ಸಣ್ಣ ಪುಡಿ ಬೀಳುತ್ತದೆ, ವಾರಕ್ಕೊಮ್ಮೆ ಒರೆಸುತ್ತೇನೆ. ಅಧ್ಯಾಯದ ಮೊದಲ ಸಾಲನ್ನು ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಸಗಣಿಯ ಬುಟ್ಟಿಯ ವಿಷಯವನ್ನು ಆಯಿಯ ಜೊತೆ ಮಾತಾಡಬೇಕು. ಈ ಸಲದ ಹಬ್ಬಕ್ಕೆ ಹೋದಾಗ ಮಾತಾಡುತ್ತೇನೆ.

ಮೊನ್ನೆ ಫೋನಿನಲ್ಲಿ ಆಯಿ ಕೇಳಿದಳು: "ಅದನ ಇನ್ನಾ ಇಟ್ಟೀಯೇನ? ಒಲಿಗಿ ಹಾಕಿಬಿಡು, ಪಾಪ."

ನನ್ನ ರೂಮಿನಲ್ಲಿ ಒಲೆಯಿಲ್ಲ ಎಂದೆ.